ಭಾವನ ಪ್ಯಾಂಟು ಯಾವ ಪುಟದಲ್ಲಿದೆ?

ಲೋಕದಲ್ಲಿ ಮನುಷ್ಯರನ್ನು ಮುಖ ನೋಡಿ ಗುರುತು ಹಿಡಿಯುವುದು ರೂಢಿ. ನಮ್ಮ ಭಾವ ಮಾತ್ರ ಸೊಂಟ ನೋಡಿ ಗುರುತು ಹಿಡಿಯುತ್ತಾರೆ. ಅವರದು ಟೈಲರ್ ಕೆಲಸ. ಬೀದಿಯಲ್ಲಿ ಯಾರಾದರೂ ಎದುರಾಗಿ ನಮಸ್ಕಾರ ಅಂದರೆ ಭಾವ ಮೊದಲು ಆ ಮನುಷ್ಯನ ಪ್ಯಾಂಟನ್ನು ನೋಡಿ, ಅದು ತಮ್ಮ ಹೊಲಿಗೆಯೋ ಪರರ ಹೊಲಿಗೆಯೋ ಖಾತ್ರಿ ಮಾಡಿಕೊಂಡು, ಆಮೇಲೆ ನಿಧಾನಕ್ಕೆ ಕತ್ತೆತ್ತಿ ಮುಖಕ್ಕೆ ಬರುತ್ತಾರೆ. ಒಮ್ಮೆ ಬಸ್ಸಿನಲ್ಲಿ ಮುಂದೆ ನಿಂತಿದ್ದವನ ಹಿಂಭಾಗ ನೋಡಿ, "ಏನ್ ಸಾರ್, ಆ ಹೊಲಿಗೆ ಇನ್ನೂ ಬಿಟ್ಟಿಲ್ಲ ಅಲ್ವಾ?" ಎಂದು ಪ್ರೀತಿಯಿಂದ ಕೇಳಿಬಿಟ್ಟರು. ಆತ ತಿರುಗಿ ನೋಡಿದ ನೋಟಕ್ಕೆ ನಮ್ಮ ಅಕ್ಕ ಮುಂದಿನ ಸ್ಟಾಪಿನಲ್ಲೇ ಇಳಿದು ಮನೆಗೆ ನಡೆದುಕೊಂಡು ಬಂದಳು.

ಭಾವನಿಗೆ ಈ ಒಂದು ವಿದ್ಯೆ ಇಲ್ಲದೇ ಇದ್ದಿದ್ದರೆ ನಮ್ಮ ಬೀದಿಯಲ್ಲಿ ಗಲಾಟೆಯೇ ಆಗುತ್ತಿರಲಿಲ್ಲ. ಅಕ್ಕನ ಮಗನ ಪುಸ್ತಕ ಬರುತ್ತಿತ್ತು, ಗ್ರಂಥಾಲಯದಲ್ಲಿ ಧೂಳು ಹಿಡಿಯುತ್ತಿತ್ತು, ಎಲ್ಲರೂ ನೆಮ್ಮದಿಯಾಗಿ ಇರುತ್ತಿದ್ದರು. ನಾನು ಮೊದಲೇ ಹೇಳಿದ್ದೆ.

ಅಕ್ಕನಿಗೂ ಭಾವನಿಗೂ ಒಬ್ಬನೇ ಮಗ. ಮೈಯ ಮಾಂಸಖಂಡಗಳು ಒಂದೊಂದಾಗಿ ಸೋಲುತ್ತಾ ಬರುವ ಕಾಯಿಲೆ ಅವನಿಗೆ. ಆರು ವರ್ಷದವನಿದ್ದಾಗ ಗಾಲಿಕುರ್ಚಿ ಹತ್ತಿದ, ಮತ್ತೆ ಇಳಿಯಲಿಲ್ಲ. ಕೈಬೆರಳುಗಳು ಮಾತ್ರ ಕೊನೆಯವರೆಗೂ ಅವನ ಮಾತು ಕೇಳುತ್ತಿದ್ದವು, ಆ ಬೆರಳಲ್ಲಿ ಚಿತ್ರ ಬರೆಯುತ್ತಿದ್ದ. ಹೋದ ವರ್ಷ, ಇಪ್ಪತ್ತೆರಡು ತುಂಬಿದ ಮೇಲೆ, ಎದೆಯಲ್ಲಿ ಕಫ ಕಟ್ಟಿ ಹೋಗಿಬಿಟ್ಟ. ಹಾಸ್ಯದ ಕಥೆಯಲ್ಲಿ ಇದನ್ನು ಎಲ್ಲಿ ಹೇಳಬೇಕು ಎಂದು ನನಗೆ ಗೊತ್ತಾಗಲಿಲ್ಲ, ಅದಕ್ಕೆ ಇಲ್ಲೇ ಹೇಳಿಬಿಟ್ಟೆ.

ಬದುಕಿದ್ದಾಗ ಅವನನ್ನು ಎಲ್ಲಿಗೆ ಹೋಗಬೇಕಾದರೂ ತಳ್ಳಿಕೊಂಡು ಹೋಗುತ್ತಿದ್ದವರು ಭಾವ. ಶಾಲೆಗೆ ಭಾವ, ಆಸ್ಪತ್ರೆಗೆ ಭಾವ, ಸಂಜೆ ಅಂಗಡಿ ಮುಚ್ಚಿದ ಮೇಲೆ ಸೇತುವೆ ಕೆಳಗಿನ ಖಾಲಿ ಜಾಗಕ್ಕೂ ಭಾವ. ಅಲ್ಲಿ ಒಂದು ಗ್ಯಾಂಗು ಸೇರುತ್ತಿತ್ತು. ಹುಬ್ಬಿಗೆ ರಿಂಗು, ಕತ್ತಿಗೆ ಸರಪಳಿ, ಮೊಣಕಾಲಲ್ಲಿ ಹರಿದ ಪ್ಯಾಂಟು. ಸ್ಕೇಟ್‌ಬೋರ್ಡಿನ ಮೇಲೆ ನಿಂತು ಗೋಡೆ ಹತ್ತುವವರು, ಎಣ್ಣೆ ಡಬ್ಬ ತಟ್ಟುತ್ತಾ ಕಿರುಚುವುದಕ್ಕೆ ಹಾಡು ಎನ್ನುವವರು. ಅವರ ನಾಯಕಿಯೊಬ್ಬಳಿದ್ದಳು. ತಲೆ ಅರ್ಧ ಬೋಳಿಸಿ ಉಳಿದ ಅರ್ಧಕ್ಕೆ ನೀಲಿ ಬಣ್ಣ ಬಳಿದುಕೊಂಡಿದ್ದಳು. ಬೀದಿಯವರೆಲ್ಲ ಅವಳನ್ನು ಅರ್ಧತಲೆ ಎನ್ನುತ್ತಿದ್ದರು. ಹುಡುಗ ಅಪ್ಪನಿಗೆ ಅದು ಡ್ರಾಯಿಂಗ್ ಕ್ಲಾಸು ಎಂದು ಹೇಳಿದ್ದ.

"ಡ್ರಾಯಿಂಗ್ ಕ್ಲಾಸಲ್ಲಿ ಎಣ್ಣೆ ಡಬ್ಬ ಯಾಕೆ ತಟ್ತಾರೆ ಭಾವ?" ಎಂದು ಕೇಳಿದ್ದೆ.

"ಈಗಿನ ಕಾಲದ ಕ್ಲಾಸು ಕಣೋ. ನಿನಗೇನು ಗೊತ್ತು, ವಿದ್ಯುತ್ ಕಚೇರಿಯಲ್ಲಿ ಕೂತವನಿಗೆ."

ಭಾವ ಅವನನ್ನು ಅಲ್ಲಿ ಬಿಟ್ಟು, ಮುಖ್ಯರಸ್ತೆಯ ಯಾವುದೋ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಕ್ಲಾಸು ಮುಗಿಯುವವರೆಗೆ ಅಂಗಿಗಳಿಗೆ ಗುಂಡಿ ಹಾಕುತ್ತಿದ್ದರು.

ಆ ಗ್ಯಾಂಗಿನವರೇ ಒಂದು ದಿನ ಅಂಗಡಿಗೆ ಬಂದು ಪುಸ್ತಕ ಕೊಟ್ಟರು. ಅವನು ಬರೆದಿಟ್ಟ ಚಿತ್ರಗಳನ್ನೆಲ್ಲ ಜೋಡಿಸಿ, ತಾವೇ ಹಣ ಸೇರಿಸಿ ಅಚ್ಚು ಹಾಕಿಸಿದ್ದರು. ಚಿತ್ರದಲ್ಲೇ ಕಥೆ ಹೇಳುವ ಕಾದಂಬರಿ. ಹೆಸರು 'ಗಾಲಿ ಗ್ಯಾಂಗು'. ಅರ್ಧತಲೆ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು, "ಅಂಕಲ್, ಅವನದು" ಎಂದಳು. ಭಾವ ಕತ್ತರಿ ಕೆಳಗಿಟ್ಟು, ಕೈ ತೊಳೆದುಕೊಂಡು ಬಂದು ತೆಗೆದುಕೊಂಡರು.

ಬೇರೆ ಯಾವ ತಂದೆಯಾದರೂ ಮೊದಲ ಪುಟದಿಂದ ಓದುತ್ತಿದ್ದ. ಭಾವ ಓದಲಿಲ್ಲ. ಅಳು ಬಂದರೆ ಅಕ್ಷರ ಕಾಣುವುದಿಲ್ಲವಂತೆ, ಪ್ಯಾಂಟು ಕಾಣುತ್ತದಂತೆ. ಆ ಪುಸ್ತಕದಲ್ಲೂ ಪ್ಯಾಂಟುಗಳಿಗೇನೂ ಬರ ಇರಲಿಲ್ಲ. ಪುಟ ತುಂಬಾ ದೊಡ್ಡ ದೊಡ್ಡ ಹೊಟ್ಟೆಗಳು, ಬೆಲ್ಟುಗಳು, ಜಿಪ್ಪುಗಳು, ಮೇಲೆ ಎಲ್ಲೋ ಒಂದು ಗದ್ದ, ಎರಡು ಮೂಗಿನ ಹೊಳ್ಳೆ. ಕಣ್ಣು, ಹಣೆ, ಕೂದಲು ಏನೂ ಇಲ್ಲ. ಜಗತ್ತಿನ ಯಾವ ಪತ್ತೇದಾರನಿಗೂ ಅವರು ಯಾರು ಎಂದು ಗೊತ್ತಾಗುವ ಹಾಗಿರಲಿಲ್ಲ.

"ಲೋ, ಬಾರೋ ಇಲ್ಲಿ!" ಎಂದು ಭಾವ ಮನೆಯ ಮುಂಭಾಗದ ಅಂಗಡಿಯಿಂದ, ಮಹಡಿಯಲ್ಲಿರುವ ನನ್ನನ್ನು ಕೂಗಿ ಕರೆದರು. ಅವರ ಮುಖ ಅರಳಿತ್ತು, ಕಣ್ಣಲ್ಲಿ ನೀರಿತ್ತು. "ಇದು ನಿಂದೇ ಪ್ಯಾಂಟು. ನೋಡು, ನೆರಿಗೆ ಬೇಡ ಅಂದ್ರೂ ಹಾಕಿಸ್ಕೊಂಡೆಯಲ್ಲ, ಆ ಬೂದು ಬಣ್ಣದ್ದು! ನಮ್ಮ ಹುಡುಗ ನೆರಿಗೆ ಕೂಡ ಬಿಟ್ಟಿಲ್ಲ ಕಣೋ, ಎಣಿಸಿ ಹಾಕಿದ್ದಾನೆ!"

ನೋಡಿದೆ. ಅದು ನನ್ನ ಹೊಟ್ಟೆಯೇ. ಹೊಟ್ಟೆಯ ಪಕ್ಕದಲ್ಲಿ ಒಂದು ಗುಳ್ಳೆ, ಗುಳ್ಳೆಯೊಳಗೆ ಮಾತು: "ನಾನು ಮೊದಲೇ ಹೇಳಿದ್ದೆ." ಮುಂದಿನ ಚಿತ್ರದಲ್ಲೂ ಅದೇ ಹೊಟ್ಟೆ, ಅದೇ ಮಾತು. ಅದರ ಮುಂದಿನದರಲ್ಲೂ ಅದೇ. ನಾನು ಹಾಗೆಲ್ಲ ಹೇಳುವ ಮನುಷ್ಯನೇ ಅಲ್ಲ. ಈ ಪುಸ್ತಕದಿಂದ ರಗಳೆ ಆಗುತ್ತದೆ ಎಂದು ಭಾವನಿಗೆ ಎಚ್ಚರಿಕೆ ಕೊಟ್ಟು ಊಟಕ್ಕೆ ಹೋದೆ.

ಭಾವ ಎಚ್ಚರಿಕೆ ಕೇಳುವ ಸ್ಥಿತಿಯಲ್ಲಿರಲಿಲ್ಲ. ಸತ್ತ ಮಗ ಬೀದಿಯ ಜನರನ್ನೆಲ್ಲ ಪುಸ್ತಕದಲ್ಲಿ ಹಾಕಿದ್ದಾನೆ, ಅದೂ ತನ್ನ ಹೊಲಿಗೆಯ ಸಮೇತ! ಇದಕ್ಕಿಂತ ದೊಡ್ಡ ಮರ್ಯಾದೆ ಯಾರಿಗಿದೆ? ಪ್ರತಿಯೊಬ್ಬರಿಗೂ ತಾವೇ ಖುದ್ದಾಗಿ ತಿಳಿಸಬೇಕೆಂದು ಹೊರಟರು.

ಮೊದಲು ಸಿಕ್ಕವರು ಹೆಡ್‌ಮೇಷ್ಟ್ರು. ನಿವೃತ್ತರಾಗಿ ವರ್ಷಗಳಾದರೂ ಇಡೀ ಬೀದಿ ತಮ್ಮ ಏಳನೇ ತರಗತಿ ಎಂದು ನಂಬಿದವರು, ನಮ್ಮ ಗ್ರಂಥಾಲಯ ಸಮಿತಿಯ ಅಧ್ಯಕ್ಷರೂ ಹೌದು. ಅಳತೆ ಕೊಡಲು ಅಂಗಡಿಗೆ ಬಂದಿದ್ದರು.

"ಸಾರ್, ನೀವು ಪುಸ್ತಕದಲ್ಲಿ ಬಂದಿದ್ದೀರಿ!"

ಮೇಷ್ಟ್ರ ಬೆನ್ನು ತಾನಾಗಿಯೇ ನೆಟ್ಟಗಾಯಿತು. "ಹೌದೇ? ಶಿಕ್ಷಣ ಕ್ಷೇತ್ರದ ಬಗ್ಗೆಯೋ?"

"ನನ್ನ ಮಗನ ಪುಸ್ತಕ ಸಾರ್. ನೋಡಿ, ಇಲ್ಲಿ."

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದರು. "ಎಲ್ಲಿದ್ದೀನಿ ನಾನು?"

"ಇದೇ ನೀವು."

"ಇದು ಕುಂಬಳಕಾಯಿ."

"ಅಯ್ಯೋ, ಅಲ್ಲ ಸಾರ್! ಎಡಗಡೆ ಜೇಬು ನೋಡಿ, ಅರ್ಧ ಇಂಚು ಇಳಿದಿದೆ. ಅದಕ್ಕೇ ಅಲ್ವಾ ನೀವು ನನ್ನ ಜೊತೆ ಜಗಳ ಆಡಿದ್ದು? ಅದೇ ಪ್ಯಾಂಟು. ಸೊಂಟ ನಲವತ್ನಾಲ್ಕು. ಈಗ ನಲವತ್ತಾರು ಆಗಿದೆ ಅನ್ನಿ."

ಅಷ್ಟಕ್ಕೇ ನಿಂತಿದ್ದರೆ ಮೇಷ್ಟ್ರು ಸುಮ್ಮನೆ ಹೋಗುತ್ತಿದ್ದರೋ ಏನೋ. ಆದರೆ ಹೊಟ್ಟೆಗೆ ಮಾತು ಕೂಡ ಇತ್ತು. "ಪಾಪ! ಇಂಥವನ್ನ ಇಟ್ಕೊಂಡು ಆ ತಂದೆ ತಾಯಿ ಹೇಗೆ ಬದುಕ್ತಾರೋ!" ಎಂದು ಹೊಟ್ಟೆ ಹೇಳುತ್ತಿತ್ತು, ಒಂದು ಕೈ ಮೇಲಿನಿಂದ ಇಳಿದು ಬಂದು ಹುಡುಗನ ತಲೆಯನ್ನು ನಾಯಿಮರಿಯ ತಲೆ ತಟ್ಟಿದಂತೆ ತಟ್ಟುತ್ತಿತ್ತು. ಮುಂದಿನ ಚಿತ್ರದಲ್ಲಿ ಹುಡುಗ ಅರ್ಧತಲೆಯ ಕಿವಿಯಲ್ಲಿ ಮೇಷ್ಟ್ರ ಬಗ್ಗೆ ಒಂದು ಪದ ಹೇಳುತ್ತಿದ್ದ. ಆ ಪದವನ್ನು ನಾನು ಇಲ್ಲಿ ಬರೆಯಲಾರೆ. ಕರೆಂಟು ಹೋದಾಗ ಜನ ನಮ್ಮ ಕಚೇರಿಗೆ ಫೋನು ಮಾಡಿ ಬಳಸುವ ಪದ.

ಮೇಷ್ಟ್ರು ಅಳತೆ ಕೊಡದೆಯೇ ಹೋದರು.

ಭಾವ ಅಲ್ಲಿಂದ ನೇರ ಬೇಕರಿಗೆ ಹೋದರು. ಬೇಕರಿಯವನ ಹೊಟ್ಟೆ ಒಂದು ಪುಟ ತುಂಬಾ ಇತ್ತು, ಮೇಲೆ ಹಿಟ್ಟಿನ ಗುರುತುಗಳ ಸಮೇತ. "ತಗೋ ಮರಿ, ದುಡ್ಡು ಬೇಡ" ಎಂದು ಹೊಟ್ಟೆ ಬನ್ನು ಕೊಡುತ್ತಿತ್ತು. ಕೆಳಗೆ ಹುಡುಗ ಬರೆದಿದ್ದ: "ನಿನ್ನೆಯದು." ಬೇಕರಿಯವನು ಅದನ್ನು ಓದುವಾಗ ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ನಾಲ್ವರೂ ತಮ್ಮ ಕೈಯಲ್ಲಿದ್ದ ಬನ್ನನ್ನು ಒತ್ತಿ ನೋಡಿದರು. ಸಂಜೆಯೊಳಗೆ ಇಡೀ ಬೀದಿಯೇ ಬನ್ನು ಒತ್ತುತ್ತಿತ್ತು.

"ಫ್ರೀಯಾಗಿ ಕೊಟ್ಟಿದ್ದಕ್ಕೆ ಈ ಬಹುಮಾನವಾ?" ಎಂದು ಬೇಕರಿಯವನು ಕೂಗಾಡಿದ. "ದಾನ ಕೊಟ್ಟ ಹಸುವಿನ ಹಲ್ಲು ಎಣಿಸ್ತಾರೇನ್ರೀ?"

"ಎಣಿಸೋದೇನು, ಅವನು ಅದನ್ನ ತಿಂದೂ ಇದ್ದ" ಎಂದರು ಭಾವ. ಸಮಾಧಾನ ಹೇಳುತ್ತಿದ್ದೇನೆ ಎಂದೇ ಅವರು ತಿಳಿದಿದ್ದರು.

ಒಂದು ವಾರದಲ್ಲಿ ಬೀದಿ ಎರಡು ಪಕ್ಷವಾಯಿತು. ಪುಸ್ತಕದಲ್ಲಿ ಇದ್ದೇನೆ ಎಂದು ಕೆರಳಿದವರು ಒಂದು ಕಡೆ, ಇಲ್ಲವಲ್ಲ ಎಂದು ಕೆರಳಿದವರು ಇನ್ನೊಂದು ಕಡೆ. ಮೂಲೆ ಮನೆಯ ಬ್ಯಾಂಕ್ ಮ್ಯಾನೇಜರು ಬಂದು, "ನಾನು ಆ ಹುಡುಗನಿಗೆ ಎಷ್ಟು ಸಲ ದಾರಿ ಬಿಟ್ಟಿದ್ದೀನಿ, ನನ್ನನ್ಯಾಕೆ ಹಾಕಿಲ್ಲ?" ಎಂದು ಕೇಳಿದರು. ಭಾವ ಅವರ ಪ್ಯಾಂಟನ್ನು ಕರುಣೆಯಿಂದ ನೋಡಿ, "ಇರಬಹುದು ಸಾರ್, ನೀವು ಬೇರೆ ಕಡೆ ಹೊಲಿಸೋರು. ನನಗೆ ಗುರುತು ಸಿಗಲ್ಲ" ಎಂದರು. ಮಾರನೇ ದಿನ ಮ್ಯಾನೇಜರು ಬಟ್ಟೆ ತಂದು ಅಳತೆ ಕೊಟ್ಟು ಹೋದರು.

ಮೇಷ್ಟ್ರು ಮಾತ್ರ ಸುಮ್ಮನೆ ಕೂರುವ ಜಾತಿಯಲ್ಲ. ಗ್ರಂಥಾಲಯಕ್ಕೆ ಗ್ಯಾಂಗಿನವರು ಕೊಟ್ಟಿದ್ದ ಪ್ರತಿಯನ್ನು ತರಿಸಿ, ಕೆಂಪು ಪೆನ್ನು ಹಿಡಿದು ಕೂತು ಓದಿದರು. ಇಡೀ ಬೀದಿಯಲ್ಲಿ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದು ಅವರೊಬ್ಬರೇ. ಬೈಗುಳ ಎಷ್ಟು, ಸಿಗರೇಟು ಎಷ್ಟು ಎಲ್ಲಕ್ಕೂ ಗುರುತು ಹಾಕಿದರು. ಒಂದು ಪುಟದಲ್ಲಿ ಹುಡುಗ ಸೇತುವೆಯ ಇಳಿಜಾರಿನಲ್ಲಿ ಕುರ್ಚಿಯ ಬ್ರೇಕು ಬಿಟ್ಟು, ಬೆರಳುಗಳನ್ನು ಗಾಳಿಗೆ ಚಾಚಿ, ಕಿರುಚುತ್ತಾ ಇಳಿಯುತ್ತಾನೆ, ಇಡೀ ಗ್ಯಾಂಗು ಕೆಳಗೆ ಹಾಸಿಗೆ ಹಿಡಿದು ನಿಂತಿರುತ್ತದೆ. ಅದಕ್ಕೆ ಮೂರು ಗೆರೆ ಎಳೆದರು.

"ಇದನ್ನ ಓದಿ ನಾಳೆ ಇನ್ನೊಬ್ಬ ಹುಡುಗ ಹೀಗೆ ಇಳಿದರೆ ಯಾರು ಹೊಣೆ?" ಎಂದು ಮೇಷ್ಟ್ರು ನನ್ನನ್ನು ಬೀದಿಯಲ್ಲೇ ತಡೆದು ಕೇಳಿದರು. "ಅದೂ ಹೋಗಲಿ. ಬೀದಿಯ ಮರ್ಯಾದಸ್ಥರಿಗೆಲ್ಲ ಬರೀ ಮೂಗಿನ ಹೊಳ್ಳೆ, ಆ ಪುಂಡರಿಗೆ ಮಾತ್ರ ಪೂರ್ತಿ ಮುಖ! ಕಣ್ಣು, ರೆಪ್ಪೆ, ಹುಬ್ಬಿನ ರಿಂಗು, ಎಲ್ಲಾ! ಏನರ್ಥ ಇದಕ್ಕೆ?"

ಏನರ್ಥವೋ ನನಗೂ ತಿಳಿಯಲಿಲ್ಲ. ನನ್ನ ಹೊಟ್ಟೆಯ ವಿಷಯ ನನಗೂ ಬೇಜಾರಿತ್ತು, ಹಾಗಾಗಿ ಸುಮ್ಮನೆ ತಲೆಯಾಡಿಸಿದೆ. ಮೇಷ್ಟ್ರು ಅದನ್ನು ಬೆಂಬಲ ಎಂದು ಬರೆದುಕೊಂಡರು. ಗ್ರಂಥಾಲಯ ಇಲಾಖೆಗೆ ದೂರು ಹೋಯಿತು, ಅಲ್ಲಿಂದ ಸಾಹೇಬರೊಬ್ಬರು ಬಂದು ವಿಚಾರಣೆ ಮಾಡುತ್ತಾರೆ ಎಂದಾಯಿತು.

ಇಷ್ಟೆಲ್ಲ ನಡೆಯುವಾಗ ಭಾವನ ತಲೆಯಲ್ಲಿ ಇದ್ದದ್ದೇ ಬೇರೆ. ಎಲ್ಲರ ಪ್ಯಾಂಟನ್ನೂ ಹುಡುಕಿ ಕೊಟ್ಟ ಭಾವನಿಗೆ ತಮ್ಮ ಪ್ಯಾಂಟು ಸಿಕ್ಕಿರಲಿಲ್ಲ.

ಮೊದಲು ನಗುತ್ತಲೇ ಹುಡುಕಿದರು. ಆಮೇಲೆ ಕೆಲಸ ಬಿಟ್ಟು ಹುಡುಕಿದರು. ತಮ್ಮ ಹಳೆಯ ಪ್ಯಾಂಟುಗಳನ್ನೆಲ್ಲ ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲೆ ಹರವಿ, ಒಂದೊಂದನ್ನೂ ಪುಟಗಳ ಪಕ್ಕ ಇಟ್ಟು ನೋಡಿದರು. ಮೇಷ್ಟ್ರು ಮೂರು ಕಡೆ ಇದ್ದರು. ನಾನು ಐದು ಕಡೆ. ಅಕ್ಕನಿಗಂತೂ ಇಡೀ ಪುಟವೇ ಇತ್ತು, ಕಣ್ಣು ಮೂಗು ಬಾಯಿ ಎಲ್ಲ ಇದ್ದ ಪೂರ್ತಿ ಮುಖ. ಕೈಯಲ್ಲಿ ಚಮಚ, ಬಾಯಿ ಅವಳದೇ ತೆರೆದಿತ್ತು, ಮಗುವಿಗೆ ಉಣಿಸುವಾಗ ತಾಯಂದಿರು ತೆರೆಯುತ್ತಾರಲ್ಲ ಹಾಗೆ. ಭಾವ ಎಲ್ಲೂ ಇರಲಿಲ್ಲ.

ಅರ್ಧತಲೆಯನ್ನು ಕರೆಸಿ ಕೇಳಿದರು. "ಪುಟ ಏನಾದರೂ ಕಳೆದು ಹೋಯ್ತೇನಮ್ಮಾ? ಪ್ರೆಸ್ಸಲ್ಲಿ ಒಂದೆರಡು ಬಿದ್ದು ಹೋಗಿರಬಹುದಾ?"

"ಇಲ್ಲ ಅಂಕಲ್. ಅವನು ಕೊಟ್ಟಿದ್ದಷ್ಟೂ ಹಾಕಿದ್ದೀವಿ."

"ನನ್ನ ಬಗ್ಗೆ ಏನಾದರೂ ಹೇಳ್ತಿದ್ನಾ?"

ಸುಳ್ಳು ಹೇಳಲು ಬಾರದ ಹುಡುಗಿ ಅದು. ಅಷ್ಟೆಲ್ಲ ರಿಂಗು ಹಾಕಿಕೊಂಡವಳು ಸುಳ್ಳಿನಲ್ಲಿ ಇಷ್ಟು ದಡ್ಡಿ ಇರುತ್ತಾಳೆ ಎಂದು ನಾನು ಎಣಿಸಿರಲಿಲ್ಲ. "ನಾವು ಅಲ್ಲಿ ಮನೆ ವಿಷಯ ಮಾತಾಡ್ತಿರಲಿಲ್ಲ ಅಂಕಲ್" ಎಂದು ನೆಲ ನೋಡಿದಳು.

ಅವಳು ಹೋದ ಮೇಲೆ ಭಾವ ಹೊಲಿಗೆ ಯಂತ್ರದ ಮುಂದೆ ಕೂತರು. ಪೆಡಲು ತುಳಿದರು, ಸೂಜಿಯಲ್ಲಿ ದಾರವೇ ಇರಲಿಲ್ಲ. ಬಟ್ಟೆಯ ಮೇಲೆ ಬರೀ ತೂತು ಬೀಳುತ್ತಾ ಹೋಯಿತು.

"ಹದಿನಾರು ವರ್ಷ ತಳ್ಳಿದೀನಿ ಕಣೋ ಆ ಕುರ್ಚೀನ" ಎಂದರು. "ಹಳಸಿದ ಬನ್ನು ಕೊಟ್ಟವನಿಗೆ ಒಂದು ಪುಟ. ತಲೆ ತಟ್ಟಿದವರಿಗೆ ಮೂರು. ನನಗೆ ಒಂದು ಕಾಲಾದರೂ ಬೇಡವಾ? ಒಂದು ಚಪ್ಪಲಿ?"

"ಮರೆತಿರಬೇಕು ಭಾವ" ಎಂದೆ. ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು, ಇದಕ್ಕಿಂತ ಕೆಟ್ಟ ಸಮಾಧಾನ ಜಗತ್ತಿನಲ್ಲಿ ಇಲ್ಲ ಎಂದು. ಅಕ್ಕ ಒಳಗಿನಿಂದ ಬಂದು ನನ್ನನ್ನು ನೋಡಿದಳು. ನಾನು ಮಹಡಿ ಹತ್ತಿದೆ.

ವಿಚಾರಣೆಯ ದಿನ ಗ್ರಂಥಾಲಯ ತುಂಬಿ ತುಳುಕುತ್ತಿತ್ತು. ಅಲ್ಲಿ ದಿನಾ ಇಬ್ಬರೇ ಬರುವುದು. ಒಬ್ಬರು ಮೇಷ್ಟ್ರು, ಇನ್ನೊಬ್ಬರು ಫ್ಯಾನಿನ ಕೆಳಗೆ ನಿದ್ದೆ ಮಾಡಲು ಬರುವವರು. ಆ ದಿನ ಪಾಪ, ನಿದ್ದೆ ಮಾಡುವವರಿಗೆ ಜಾಗವೇ ಸಿಗಲಿಲ್ಲ. ಕುರ್ಚಿ ಸಾಲದು, ಅವರವರ ಮನೆಯಿಂದ ತನ್ನಿ ಎಂದು ಗ್ರಂಥಪಾಲಕ ಬೆಳಗ್ಗೆಯೇ ಹೇಳಿ ಕಳಿಸಿದ್ದ. ಭಾವ ಅಂಗಡಿಯ ಸ್ಟೂಲು ಎತ್ತಿಕೊಂಡರು. ಅಕ್ಕ ಒಳಗಿನ ಕೋಣೆಯಿಂದ ಮಗನ ಗಾಲಿಕುರ್ಚಿಯನ್ನು ತಳ್ಳಿಕೊಂಡು ಬಂದಳು. ವರ್ಷದಿಂದ ಅದಕ್ಕೆ ಬಟ್ಟೆ ಹೊದಿಸಿಟ್ಟಿದ್ದರು.

"ಇದನ್ನೂ ತಗೊಂಡು ಹೋಗಿ" ಎಂದಳು. "ಅವನ ಪುಸ್ತಕದ ಮಾತು ನಡೆಯೋ ಕಡೆ ಅವನದೂ ಒಂದು ಕುರ್ಚಿ ಇರಲಿ."

ತಾನು ಬರುವುದಿಲ್ಲ ಎಂದಳು. ಭಾವ ಕುರ್ಚಿಯನ್ನು ಮುಟ್ಟಲಿಲ್ಲ. ನಾನೇ ತಳ್ಳಿಕೊಂಡು ಹೋದೆ. ಗ್ರಂಥಾಲಯದ ಬಾಗಿಲಲ್ಲಿ ಗಾಲಿಕುರ್ಚಿಗೆಂದೇ ಕಟ್ಟಿದ ಇಳಿಜಾರಿದೆ. ಅದರ ಮೇಲೆ ಸಾಲಾಗಿ ಸೈಕಲ್ಲು ನಿಲ್ಲಿಸಿದ್ದರು. ಒಂದೊಂದನ್ನೇ ಸರಿಸಿ ಒಳಗೆ ಹೋಗುವಷ್ಟರಲ್ಲಿ ನನ್ನ ಅಂಗಿ ಬೆವರಿಗೆ ಅಂಟಿಕೊಂಡಿತ್ತು.

ಸಾಹೇಬರು ಒಳ್ಳೆಯ ಮನುಷ್ಯರೇ. ಊಟದ ಹೊತ್ತಿನೊಳಗೆ ಎಲ್ಲ ಮುಗಿಯಬೇಕು ಎನ್ನುವುದೊಂದೇ ಅವರ ಹಟ. ಮೇಷ್ಟ್ರು ಭಾಷಣ ಮಾಡಿದರು, ಬೇಕರಿಯವನು ಅಂದಿನ ಬನ್ನನ್ನು ಸಾಕ್ಷಿಯಾಗಿ ಮೇಜಿನ ಮೇಲಿಟ್ಟ, ಮ್ಯಾನೇಜರು ಹೊಸ ಪ್ಯಾಂಟು ಹಾಕಿಕೊಂಡು ಬಂದು ಏನೂ ಮಾತಾಡದೆ ನಿಂತರು. ಗ್ಯಾಂಗಿನವರು ಕಿಟಕಿಯ ಹೊರಗೆ ನಿಂತಿದ್ದರು. ಅವರನ್ನು ಯಾರೂ ಒಳಗೆ ಕರೆದಿರಲಿಲ್ಲ.

ಸಾಹೇಬರು ಪುಸ್ತಕ ತಿರುವಿ ಹಾಕಿ, ಭಾವನ ಕಡೆ ನೋಡಿ ಮೆಲ್ಲಗೆ ಹೇಳಿದರು: "ನೋಡಿ, ಮಗನ್ನ ಕಳ್ಕೊಂಡಿದ್ದೀರಿ. ನಿಮಗೆ ಕಷ್ಟ ಕೊಡೋಕೆ ನನಗೆ ಇಷ್ಟ ಇಲ್ಲ. ಮೇಷ್ಟ್ರು ಒಂದು ದಾರಿ ಹೇಳಿದ್ದಾರೆ. ಇದು ನನ್ನ ಮಗನ ಕೃತಿ ಅಲ್ಲ, ಆ ಹುಡುಗರು ಅವನ ಹೆಸರು ದುರುಪಯೋಗ ಮಾಡಿದ್ದಾರೆ ಅಂತ ನೀವು ಬರೆದು ಕೊಟ್ಟರೆ ಸಾಕು. ಪುಸ್ತಕ ತೆಗೀತೀವಿ. ನಿಮ್ಮ ಮಗನ ಹೆಸರೂ ಉಳಿಯುತ್ತೆ."

"ನಾನೂ ಅದನ್ನೇ ಹೇಳೋದು" ಎಂದರು ಮೇಷ್ಟ್ರು. ಅವರ ದನಿಯಲ್ಲಿ ಕರುಣೆಯೇ ಇತ್ತು, ಸುಳ್ಳು ಹೇಳಬಾರದು. "ಯೋಚನೆ ಮಾಡಿ. ನಿಮ್ಮ ಮಗನೇ ಬರೆದಿದ್ದರೆ ನಿಮ್ಮನ್ನು ಬಿಡ್ತಿದ್ನಾ? ನಿಮ್ಮಂಥ ತಂದೇನ? ಒಂದು ಮೂಲೇಲಾದ್ರೂ ಹಾಕ್ತಿರಲಿಲ್ವಾ?"

ಕಿಟಕಿಯ ಹೊರಗೆ ಅರ್ಧತಲೆ ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡಳು.

ಭಾವನ ಮುಖ ನೋಡಿದೆ. ಅವರಿಗೆ ಆ ಮಾತು ನಾಟಿತ್ತು. ಮಗ ತನ್ನನ್ನು ಮರೆತ ಎಂದು ನಂಬುವುದಕ್ಕಿಂತ ಇದು ಮಗನ ಪುಸ್ತಕವೇ ಅಲ್ಲ ಎಂದು ನಂಬುವುದು ಎಷ್ಟು ಹಗುರ! ಅವರು ತಲೆಯಾಡಿಸಿದರು. ಸಹಿಗೆ ಕಾಗದ ಬಂತು. ಭಾವ ಕೂರಲು ಜಾಗ ಹುಡುಕಿದರು. ಸ್ಟೂಲಿನ ಮೇಲೆ ಮೇಷ್ಟ್ರು ಕೂತಿದ್ದರು, ಬೇರೆ ಎಲ್ಲೂ ಜಾಗವಿರಲಿಲ್ಲ. ಗಾಲಿಕುರ್ಚಿಯೊಂದೇ ಖಾಲಿ. ಅದರಲ್ಲಿ ಕೂರಲು ಯಾರಿಗೂ ಮನಸ್ಸಿರಲಿಲ್ಲ, ಅದರ ಸುತ್ತ ಒಂದು ಮೊಳ ಜಾಗ ಬಿಟ್ಟು ನಿಂತಿದ್ದರು. ಭಾವ ಅದರೊಳಗೆ ಕುಸಿದು ಕೂತರು.

ಹದಿನಾರು ವರ್ಷ ತಳ್ಳಿದ ಕುರ್ಚಿಯಲ್ಲಿ ಅವರು ಕೂತಿದ್ದು ಅದೇ ಮೊದಲು.

ಅಯ್ಯೋ ಪಾಪ ಎಂದು ಜನ ಸುತ್ತ ಮುತ್ತಿಕೊಂಡರು. ನೀರು ಕೊಡಿ ಎಂದು ಒಬ್ಬರು, ಗಾಳಿ ಬಿಡಿ ಎಂದು ಇನ್ನೊಬ್ಬರು. ಭಾವ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಕತ್ತೆತ್ತಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಮತ್ತೆ ಕತ್ತೆತ್ತಿದರು. ಆಮೇಲೆ ಇದ್ದಕ್ಕಿದ್ದಂತೆ ನಗತೊಡಗಿದರು.

"ಏನಾಯ್ತು?" ಎಂದು ಸಾಹೇಬರು ಬಗ್ಗಿದರು.

"ಏನಿಲ್ಲ ಸಾರ್... ನಿಮ್ಮ ಮೂಗಿನ ಹೊಳ್ಳೆ..." ಭಾವನಿಗೆ ಮಾತೇ ಬರುತ್ತಿಲ್ಲ. "ಎಲ್ಲಾ ಹೊಟ್ಟೆ ಸಾರ್! ಬರೀ ಹೊಟ್ಟೆ! ಮೇಷ್ಟ್ರೇ, ನೀವೂ ಎದ್ದು ಹತ್ತಿರ ಬನ್ನಿ... ಅದೇ ಕುಂಬಳಕಾಯಿ!"

ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ದುಃಖಕ್ಕೆ ತಲೆ ಕೆಟ್ಟಿತು ಎಂದು ಬೇಕರಿಯವನು ಎರಡು ಹೆಜ್ಜೆ ಹಿಂದೆ ಸರಿದ. ಸಾಹೇಬರು ಮೂಗು ಮುಟ್ಟಿಕೊಂಡರು. ನಗು ಇಳಿದ ಮೇಲೆ ಭಾವ ಕಣ್ಣು ಒರೆಸಿಕೊಂಡು, "ಸರಿ, ಪೆನ್ನು ಕೊಡೋ" ಎಂದು ನನ್ನನ್ನು ಕೇಳಿದರು.

"ತಗೊಳ್ಳಿ ಭಾವ" ಎಂದೆ. ಕುರ್ಚಿಯ ಹಿಡಿ ಬಿಟ್ಟಿರಲಿಲ್ಲ ನಾನು, ಹಿಂದೆಯೇ ನಿಂತಿದ್ದೆ.

ಭಾವ ಎಡಭುಜದ ಮೇಲಿಂದ ತಿರುಗಿ ನೋಡಿದರು. ಬಲಭುಜದ ಮೇಲಿಂದ ನೋಡಿದರು. "ಎಲ್ಲಿದ್ದೀಯೋ?"

"ಇಲ್ಲೇ ಹಿಂದೆ ಇದೀನಿ."

"ಕಾಣ್ತಿಲ್ಲವಲ್ಲೋ."

"ನಿಮ್ಮ ಬೆನ್ನ ಹಿಂದೇನೇ ಇದೀನಿ ಭಾವ. ಕುರ್ಚಿ ಹಿಡ್ಕೊಂಡಿದೀನಿ."

ಭಾವ ಮತ್ತೊಮ್ಮೆ ತಿರುಗಿದರು. ಆಮೇಲೆ ತಿರುಗುವುದನ್ನು ಬಿಟ್ಟು ಮುಂದೆ ನೋಡುತ್ತಾ ಸುಮ್ಮನೆ ಕೂತರು. ನಾನು ಚಾಚಿದ ಪೆನ್ನನ್ನು ತೆಗೆದುಕೊಳ್ಳಲಿಲ್ಲ. ಸಾಹೇಬರು ಗಡಿಯಾರ ನೋಡಿಕೊಂಡರು.

"ನಾನು ಸಹಿ ಹಾಕಲ್ಲ ಸಾರ್" ಎಂದರು ಭಾವ ಕೊನೆಗೆ. "ಇದು ನನ್ನ ಮಗನದೇ. ಒಂದು ಗೆರೇನೂ ಬೇರೆಯವರದಲ್ಲ."

"ಮತ್ತೆ ನೀವು ಎಲ್ಲಿದ್ದೀರಿ ಅದರಲ್ಲಿ? ತೋರಿಸಿ ನೋಡೋಣ" ಎಂದರು ಮೇಷ್ಟ್ರು.

"ಇಲ್ಲಿಂದ ನೋಡಿದ್ರೆ ನಾನು ಕಾಣಲ್ಲ ಮೇಷ್ಟ್ರೇ. ನಾನು ಹಿಂದೆ ಇದ್ದೆ."

ಮೇಷ್ಟ್ರು ಪುಸ್ತಕ ತೆಗೆದು ತಮ್ಮ ಪುಟವನ್ನು ನೋಡಿದರು. ಆಮೇಲೆ ಕುರ್ಚಿಯಲ್ಲಿ ಕೂತ ಭಾವನನ್ನು ನೋಡಿದರು, ಅಷ್ಟು ಎತ್ತರದಿಂದ. ಆಮೇಲೆ ಕಿಟಕಿಯ ಕಡೆ. ಆ ಪುಂಡರು ಹುಡುಗನ ಎದುರು ನೆಲದ ಮೇಲೆ ಕೂತು ಮಾತಾಡುತ್ತಿದ್ದರು, ಅವರ ಮುಖ ಅವನಿಗೆ ಪೂರ್ತಿ ಕಂಡಿತ್ತು. ಅದು ಮೇಷ್ಟ್ರಿಗೆ ಹೊಳೆಯಿತೋ ಇಲ್ಲವೋ ನಾನು ಹೇಳಲಾರೆ. ಕೆಂಪು ಪೆನ್ನನ್ನು ಮಾತ್ರ ಜೇಬಿಗೆ ಹಾಕಿಕೊಂಡರು, ಅರ್ಧ ಇಂಚು ಇಳಿದಿದ್ದ ಆ ಜೇಬಿಗೇ.

ಸರ್ಕಾರ ಸರ್ಕಾರವೇ. ಎರಡು ಕಡೆಯೂ ನೋಯಬಾರದು ಎಂದು ಸಾಹೇಬರು ಒಂದು ತೀರ್ಪು ಕೊಟ್ಟರು: ಪುಸ್ತಕ ಇರಲಿ, ಆದರೆ ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ ಇರಲಿ. ಗ್ರಂಥಪಾಲಕ ಸ್ಟೂಲು ಹತ್ತಿ ಮೇಲೆ ಇಟ್ಟ. ಭಾವ ಕೂತಲ್ಲಿಂದಲೇ ಕೈ ಚಾಚಿದರು. ಕೈ ಕೆಳಗಿನಿಂದ ಮೂರನೆಯ ಹಲಗೆಗೂ ಮುಟ್ಟಲಿಲ್ಲ.

"ಕೈಗೆ ಸಿಗೋ ಕಡೆ ಇಡಪ್ಪ" ಎಂದರು.

"ಎದ್ದು ನಿಂತರೆ ಸಿಗುತ್ತಲ್ಲ" ಎಂದ ಗ್ರಂಥಪಾಲಕ.

"ನಾನು ಏಳಲ್ಲ."

ಎಂಥ ಹಟ! ಸಾಹೇಬರು ಹೋದರು, ಜನ ತಮ್ಮ ತಮ್ಮ ಕುರ್ಚಿ ಹೊತ್ತುಕೊಂಡು ಹೋದರು, ಬನ್ನು ಕೂಡ ಯಾರೋ ತಿಂದು ಹೋದರು. ಭಾವ ಏಳಲಿಲ್ಲ. ಗ್ರಂಥಪಾಲಕನಿಗೂ ಮನೆಯಲ್ಲಿ ಊಟ ಕಾಯುತ್ತಿತ್ತು. ಸುತ್ತ ಯಾರೂ ಇಲ್ಲ ಎಂದು ನೋಡಿ, ಪುಸ್ತಕ ಇಳಿಸಿ ಕೆಳಗಿನಿಂದ ಎರಡನೆಯ ಹಲಗೆಯಲ್ಲಿ ಇಟ್ಟ. ಭಾವ ಕೈ ಚಾಚಿ, ಮುಟ್ಟಿ ನೋಡಿ, ಸರಿ ಎಂದರು.

ಹಾಗೇ ಕೂರಿಸಿಕೊಂಡು ಹೊರಗೆ ತಳ್ಳಿದೆ. ಭಾವ ಸಂತೋಷದಲ್ಲಿದ್ದರು. "ಎಲ್ಲಾ ಪುಟದಲ್ಲೂ ಇದೀನಿ ಕಣೋ! ಮೇಷ್ಟ್ರು ಮೂರು ಕಡೆ, ನೀನು ಐದು ಕಡೆ, ನಾನು ಪುಸ್ತಕದ ಉದ್ದಕ್ಕೂ! ನಿಮ್ಮಕ್ಕಂಗೆ ಹೇಳ್ಬೇಕು. ಅವಳಿಗೆ ಒಂದೇ ಪುಟ, ಗೊತ್ತಾ?" ಎನ್ನುತ್ತಾ ಇಳಿಜಾರಿನವರೆಗೆ ಬಂದರು. ಇಳಿಜಾರಿನ ನಡುವೆ ಮಾತು ನಿಂತಿತು.

"ಏನಾಯ್ತು ಭಾವ?"

ಕುರ್ಚಿಯ ಹಿಂದಿನಿಂದ ನನಗೆ ಕಾಣುತ್ತಿದ್ದದ್ದು ಅವರ ನೆತ್ತಿ, ಎರಡು ಕಿವಿ, ಅಷ್ಟೇ. ಆ ಕಿವಿಗಳು ಕೆಂಪಾಗಿದ್ದವು.

"ನಿಮ್ಮಕ್ಕ ಅವನ ಮುಂದೆ ಕೂತು ಉಣಿಸ್ತಿದ್ಲು" ಎಂದರು. "ಆ ಹುಡುಗರು ಮುಂದೆ ಕೂತು ಮಾತಾಡ್ತಿದ್ರು. ನಾನು ಬರೀ ತಳ್ಳಿದೆ. ಅಲ್ಲಿಗೆ ಬೇಗ ಮುಟ್ಟಿಸ್ಬೇಕು, ಇಲ್ಲಿಗೆ ಬೇಗ ಮುಟ್ಟಿಸ್ಬೇಕು ಅಂತ ತಳ್ತಾನೇ ಹೋದೆ. ಒಂದು ದಿನ ಕುರ್ಚಿ ನಿಲ್ಲಿಸಿ, ಸುತ್ತಿ ಮುಂದೆ ಬಂದು, ಅವನ ಎದುರು ಕೂತ್ಕೊಳ್ಲಿಲ್ವಲ್ಲೋ ನಾನು. ನನ್ನ ಮುಖ ಎಲ್ಲಿ ಕಾಣಬೇಕು ಅವನಿಗೆ? ನನ್ನ ಮುಖ ಬರೀಬೇಕು ಅಂದ್ರೆ ನೋಡ್ಬೇಕಲ್ವಾ ಅವನು?"

ಇದಕ್ಕೆ ಏನು ಹೇಳುವುದು? ನನಗೆ ಗೊತ್ತಿರುವುದು ಒಂದೇ ಮಾತು, ಅದನ್ನು ಈಗಾಗಲೇ ಪುಸ್ತಕದಲ್ಲಿ ಐದು ಸಲ ಅಚ್ಚು ಹಾಕಿದ್ದಾರೆ. ಕುರ್ಚಿಯ ಬ್ರೇಕು ಹಾಕಿದೆ. ಸುತ್ತಿ ಮುಂದೆ ಬಂದೆ. ಸೈಕಲ್ಲುಗಳ ನಡುವೆ, ಬೀದಿಯ ಜನ ನೋಡುತ್ತಿದ್ದಂತೆಯೇ, ಭಾವನ ಎದುರು ನೆಲದ ಮೇಲೆ ಕೂತೆ.

ಭಾವ ಅಳುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತೆವು. ಅವರ ಬಲಗಣ್ಣಿನ ಕೆಳಗೆ ಒಂದು ಸಣ್ಣ ಮಚ್ಚೆ ಇದೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಅದನ್ನು ನೋಡಿರಲಿಲ್ಲ.